ಕತ್ತಲಾದ ಕೂಡಲೇ ಹಿತ್ತಲ ಕ್ಯಾಮೆರಾ ಬಂದ್ ಆಗಿ ಮತ್ತೆ ಚಾಲೂ ಆಗುತ್ತದೆ. ಒಂದನ್ನು ಬದಲಿಸಲಾ, ಪೂರ್ತಿ ಸೆಟ್ಟೇ ತೆಗೆಸಲಾ?

ಮಾಳಮಡ್ಡಿ_ಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಧಾರವಾಡ ಮಾಳಮಡ್ಡಿಯಲ್ಲಿ ಹಳೇ ಹೆಂಚಿನ ಮನೆ. ದಪ್ಪ ಕಲ್ಲಿನ ಗೋಡೆ, ಹಿಂದೆ ಉದ್ದನೆಯ ಹಿತ್ತಲು, ತುದಿಗೆ ಕೊಟ್ಟಿಗೆ. ಮನೆಯಲ್ಲಿ ಅಪ್ಪ, ಅವ್ವ ಇಬ್ಬರೇ. ನಾನು ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ, ರಾತ್ರಿ ಪಾಳಿಯೂ ಇರುತ್ತದೆ. ಹಾಗಾಗಿ ನಾಲ್ಕು ಕ್ಯಾಮೆರಾ ಹಾಕಿಸಿದೆ: ಗೇಟು, ಕಟ್ಟೆ, ಪಕ್ಕದ ಸಂದಿ, ಹಿತ್ತಲು. ನಾಲ್ಕೂ 2 ಮೆಗಾಪಿಕ್ಸೆಲ್ ಅನಲಾಗ್ ಎಚ್‌ಡಿ, 2.8 ಎಂಎಂ ಲೆನ್ಸ್. 4 ಚಾನೆಲ್ ಡಿವಿಆರ್ (ರೆಕಾರ್ಡ್ ಮಾಡುವ ಡಬ್ಬಿ), 1 ಟಿಬಿ ಡಿಸ್ಕ್. ಡಿವಿಆರ್ ಪಕ್ಕದಲ್ಲೇ ಕ್ಯಾಮೆರಾಗಳಿಗೆ ಕರೆಂಟ್ ಕೊಡುವ 12 ವೋಲ್ಟ್ 5 ಆಂಪಿಯರ್ ಎಸ್‌ಎಂಪಿಎಸ್. ಎಲ್ಲ ಇನ್ವರ್ಟರ್ ಮೇಲೆ ಇದೆ.

ಹಗಲೆಲ್ಲ ನಾಲ್ಕೂ ಚೆನ್ನಾಗಿ ನಡೆಯುತ್ತವೆ. ಹೊತ್ತು ಮುಳುಗಿತೋ, ಹಿತ್ತಲದ್ದು ಶುರು ಮಾಡುತ್ತದೆ. ಟಿವಿಯಲ್ಲಿ ಚಿತ್ರ ಬರುತ್ತದೆ, ಹೋಗುತ್ತದೆ, 'ವಿಡಿಯೋ ಲಾಸ್' ಅನ್ನುತ್ತದೆ, ಮತ್ತೆ ಬರುತ್ತದೆ. ಕ್ಯಾಮೆರಾ ಕೆಳಗೆ ಹೋಗಿ ನಿಂತರೆ ಒಳಗಿಂದ 'ಟಿಕ್' ಅಂತ ಸಪ್ಪಳ ಕೇಳುತ್ತದೆ. ಸುತ್ತಲಿನ ಎಲ್‌ಇಡಿಗಳು ಮಂದವಾಗಿ ಕೆಂಪಗಾಗುತ್ತವೆ, ಆರುತ್ತವೆ, ಸ್ವಲ್ಪ ಹೊತ್ತಿಗೆ ಮತ್ತೆ ಟಿಕ್. ಬೆಳಕು ಹರಿಯುವ ತನಕ ಇದೇ ಕತೆ.

ಹಾಕಿಕೊಟ್ಟವರು ಕ್ಯಾಮೆರಾ ಹೋಗಿದೆ, ಹೊಸದು ತರಬೇಕು ಎಂದರು. ಇನ್ನೊಂದು ಅಂಗಡಿಯಲ್ಲಿ ಇದೆಲ್ಲ ಹಳೇ ಕಾಲದ್ದು, ತೆಗೆದು ವೈಫೈ ಹಾಕಿಸಿ ಎಂದರು.

ಇನ್ನೂ ಎರಡು ತೊಂದರೆ. ಮನೆಯ ವೈಫೈನಲ್ಲಿ ಇದ್ದಾಗ ಮೊಬೈಲಿನಲ್ಲಿ ಎಲ್ಲ ಕಾಣುತ್ತದೆ, ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನಲ್ಲಿ ಕೂತು ತೆಗೆದರೆ 'ಡಿವೈಸ್ ಆಫ್‌ಲೈನ್'. ಮತ್ತೆ, ಮೊನ್ನೆ ಮಧ್ಯಾಹ್ನ ಅವ್ವ ಮಲಗಿದ್ದಾಗ ಯಾರೋ ಹಿಂದಿನ ಬಾಗಿಲಿನಿಂದ ಬಂದು ತಾಮ್ರದ ಹಂಡೆ ಎತ್ತಿಕೊಂಡು ಹೋದರು. ರೆಕಾರ್ಡಿಂಗ್ ಇದೆ. ನೆತ್ತಿ ಕಾಣುತ್ತದೆ, ಹಂಡೆ ಕಾಣುತ್ತದೆ, ಮುಖ ಮಾತ್ರ ಇಲ್ಲ. ಇಂಥ ಕ್ಯಾಮೆರಾ ಇದ್ದರೆಷ್ಟು ಬಿಟ್ಟರೆಷ್ಟು ಅಂತ ಅಪ್ಪ ದಿನಾ ಕೇಳುತ್ತಾರೆ.

ನೆಟ್‌ವರ್ಕ್_ಹುಚ್ಚ:

ಹೇಗೂ ಬದಲಿಸುವ ಮನಸ್ಸಿದ್ದರೆ ಐಪಿ ಕ್ಯಾಮೆರಾಕ್ಕೆ, ಅಂದರೆ ನೆಟ್‌ವರ್ಕ್ ಮೇಲೆ ನಡೆಯುವ ಕ್ಯಾಮೆರಾಕ್ಕೆ ಹೋಗಿ ಸರ್. ಪಿಒಇ ಸ್ವಿಚ್ ಇಟ್ಟರೆ ಒಂದೇ ಲ್ಯಾನ್ ಕೇಬಲ್‌ನಲ್ಲಿ ಕರೆಂಟೂ ಹೋಗುತ್ತದೆ, ಚಿತ್ರವೂ ಬರುತ್ತದೆ. 48 ವೋಲ್ಟ್ ಆಸುಪಾಸಿನಲ್ಲಿ ಕರೆಂಟ್ ಕಳಿಸುವುದರಿಂದ 100 ಮೀಟರ್ ತನಕ ಚಿಂತೆ ಇಲ್ಲ. ಒಂದೇ ಎಚ್ಚರಿಕೆ: ಕೇಬಲ್ ಶುದ್ಧ ತಾಮ್ರದ್ದೇ ಇರಬೇಕು. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಕೇಬಲ್ ಮಾರುಕಟ್ಟೆಯಲ್ಲಿ ಜಾಸ್ತಿ ಓಡಾಡುತ್ತದೆ. ಸಿಸಿಎ ಅಂತ ಬರೆದಿದ್ದರೆ ಬಿಡಿ.

ವೈಫೈ ಮಾತ್ರ ಬೇಡ. ಕಲ್ಲಿನ ಗೋಡೆ ದಾಟಿ ಹಿತ್ತಲಿಗೆ ಸಿಗ್ನಲ್ ಮುಟ್ಟುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಅಲ್ಲದೆ ವೈಫೈ ಕ್ಯಾಮೆರಾಕ್ಕೂ ಕರೆಂಟಿನ ತಂತಿ ಬೇಕೇ ಬೇಕು. ಅದನ್ನು ಅಂಗಡಿಯವರು ಕೊನೆಗೆ ಹೇಳುತ್ತಾರೆ.

ಬಿಎನ್‌ಸಿ_ಹುಬ್ಬಳ್ಳಿ:

ಸ್ವಲ್ಪ ತಡೀರಿ. ಇನ್ನೂ ರೋಗ ಏನು ಅಂತ ಗೊತ್ತಾಗಿಲ್ಲ, ಆಗಲೇ ಹೊಸ ಸೆಟ್ಟಾ? ನಾನು ಹುಬ್ಬಳ್ಳಿಯಲ್ಲಿ ಇದೇ ಕೆಲಸ ಮಾಡುವವನು. ಹಗಲು ಸರಿ, ರಾತ್ರಿ ಟಿಕ್ ಟಿಕ್ ಅಂದರೆ ನಾನು ಮೊದಲು ಕ್ಯಾಮೆರಾ ಕಡೆ ನೋಡುವುದೇ ಇಲ್ಲ, ತಂತಿ ಕಡೆ ನೋಡುತ್ತೇನೆ.

ಆ 'ಟಿಕ್' ಏನು ಗೊತ್ತಾ? ಲೆನ್ಸ್ ಹಿಂದೆ ಒಂದು ಸಣ್ಣ ಫಿಲ್ಟರ್ ಇರುತ್ತದೆ. ಹಗಲಿಗೆ ಅಡ್ಡ ಬರುತ್ತದೆ, ಕತ್ತಲಾದರೆ ಪಕ್ಕಕ್ಕೆ ಸರಿಯುತ್ತದೆ. ಅದು ಸರಿದ ಸಪ್ಪಳ. ಅದರ ಜೊತೆಗೇ ಕತ್ತಲಲ್ಲಿ ನೋಡಲು ಬೇಕಾದ ಐಆರ್ (ಇನ್ಫ್ರಾರೆಡ್) ಎಲ್‌ಇಡಿ ಹೊತ್ತುತ್ತವೆ. ಆಗ ಕ್ಯಾಮೆರಾ ಹಗಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಕರೆಂಟ್ ಎಳೆಯುತ್ತದೆ. ದೂರದಿಂದ ಬಂದ ತಂತಿ ಸಣ್ಣದಿದ್ದರೆ ಅಷ್ಟು ಕೊಡಲಾರದು. ವೋಲ್ಟೇಜ್ ಕುಸಿಯುತ್ತದೆ, ಕ್ಯಾಮೆರಾ ಸಾಯುತ್ತದೆ. ಸತ್ತ ಮೇಲೆ ಎಳೆಯುವವರು ಯಾರೂ ಇಲ್ಲವಲ್ಲ, ವೋಲ್ಟೇಜ್ ಮತ್ತೆ ಏರುತ್ತದೆ, ಕ್ಯಾಮೆರಾ ಮತ್ತೆ ಏಳುತ್ತದೆ. ನಿಮ್ಮಲ್ಲಿ ರಾತ್ರಿಯಿಡೀ ಇದೇ ನಡೆದಿದೆ ಅಂತ ನನ್ನ ಅನುಮಾನ.

ಅನುಮಾನದ ಮೇಲೆ ದುಡ್ಡು ಖರ್ಚು ಮಾಡಬೇಡಿ. ಎರಡು ಪರೀಕ್ಷೆ ಮಾಡಿ. ಮೊದಲನೆಯದು, ಆ ಕ್ಯಾಮೆರಾ ಬಿಚ್ಚಿ ಒಳಗೆ ತಂದು ಡಿವಿಆರ್ ಪಕ್ಕದಲ್ಲೇ ಗಿಡ್ಡ ತಂತಿಯಲ್ಲಿ ಜೋಡಿಸಿ, ಕೋಣೆಯ ದೀಪ ಆರಿಸಿ ಬಿಡಿ. ರಾತ್ರಿಯಿಡೀ ಬಂದ್ ಆಗದೆ ನಡೆದರೆ ಕ್ಯಾಮೆರಾ ಗಟ್ಟಿ ಇದೆ. ಎರಡನೆಯದಕ್ಕೆ ಮಲ್ಟಿಮೀಟರ್ ಬೇಕು. ಕ್ಯಾಮೆರಾ ಜಾಗದಲ್ಲೇ ಇರಲಿ, ಚಾಲೂ ಇರಲಿ, ಡಿಸಿ ಪಿನ್ ಹತ್ತಿರ ವೋಲ್ಟೇಜ್ ನೋಡಿ. ಆಮೇಲೆ ಮುಂಭಾಗಕ್ಕೆ ಅಂಗೈ ಅಡ್ಡ ಹಿಡಿಯಿರಿ. ಅದಕ್ಕೆ ರಾತ್ರಿ ಆಯಿತು ಅನ್ನಿಸುತ್ತದೆ, ಎಲ್‌ಇಡಿ ಹೊತ್ತುತ್ತವೆ. ಆಗ ಮೀಟರ್ ಎಷ್ಟು ತೋರಿಸಿತು ಹೇಳಿ. ತಂತಿ ಬಿಚ್ಚಿ ಖಾಲಿ ಪಿನ್ ಅಳೆಯಬೇಡಿ, ಖಾಲಿ ಪಿನ್ ಯಾವಾಗಲೂ 12 ಅಂತಲೇ ಸುಳ್ಳು ಹೇಳುತ್ತದೆ.

ಬೆಟಗೇರಿ_ಗಾಳಿ:

ಪಿನ್ ನೋಡುವಾಗ ಹಾಗೇ ಚಿತ್ರದ ಕೇಬಲ್ ಸೇರುವ ಬಿಎನ್‌ಸಿ ಕನೆಕ್ಟರೂ ನೋಡಿ. ನಮ್ಮ ಗದಗ ಒಣ ಊರು, ಆದರೂ ಒಂದು ಅಡ್ಡಮಳೆಗೆ ಒಳಗೆ ಹಸಿರು ಕಿಲುಬು ಹಿಡಿದಿತ್ತು. ಧಾರವಾಡದ ಜಿಟಿ ಜಿಟಿ ಮಳೆಗೆ ಕೇಳಬೇಕಾ? ಜಾಯಿಂಟ್ ಗೋಡೆ ಹೊರಗೆ ನೇತಾಡುತ್ತಿದ್ದರೆ ಪಿವಿಸಿ ಬಾಕ್ಸ್ ಒಳಗೆ ಸೇರಿಸಿ. ಕೇಬಲ್ ಬಾಕ್ಸಿನೊಳಗೆ ಕೆಳಗಿನಿಂದ ಹೋಗಬೇಕು. ಮೇಲಿಂದ ಹೋದರೆ ನೀರು ಕೇಬಲ್ ಹಿಡಿದೇ ಒಳಗೆ ಇಳಿಯುತ್ತದೆ.

ಮಾಳಮಡ್ಡಿ_ಮನೆ:

ಎರಡೂ ಪರೀಕ್ಷೆ ಮಾಡಿದೆ ಕಾಕಾ. ಒಳಗೆ ತಂದು ಇಟ್ಟರೆ ರಾತ್ರಿಯಿಡೀ ಒಂದು ಸಲವೂ ಬಂದ್ ಆಗಲಿಲ್ಲ.

ಎಸ್‌ಎಂಪಿಎಸ್ ಹತ್ತಿರ 12.0 ಇದೆ. ಹಿತ್ತಲ ತುದಿಯಲ್ಲಿ ಹಗಲಿಗೆ 11 ತೋರಿಸಿತು. ಅಂಗೈ ಅಡ್ಡ ಹಿಡಿದ ಕೂಡಲೇ ಟಿಕ್ ಅಂತು, ಮೀಟರ್ 9.6ಕ್ಕೆ ಇಳಿಯಿತು, ಎಲ್‌ಇಡಿ ಆರಿದವು, ಆಗ ನೋಡಿದರೆ 12! ಕೈ ತೆಗೆಯದೆ ಹಾಗೇ ನಿಂತೆ, ಮತ್ತೆ ಮತ್ತೆ ಅದೇ ಆಟ. ಅಪ್ಪ ಪಕ್ಕದಲ್ಲೇ ನಿಂತು ನೋಡಿದರು. ಕೇಬಲ್ ಸುಮಾರು 40 ಮೀಟರ್ ಇದೆ, ತ್ರೀ ಪ್ಲಸ್ ಒನ್ (ಮೂರು ಸಣ್ಣ ಎಳೆ, ಜೊತೆಗೆ ಚಿತ್ರದ ಕೇಬಲ್ ಒಂದು). ಎಸ್‌ಎಂಪಿಎಸ್ಸೇ ಸಣ್ಣದಾಯಿತಾ? 10 ಆಂಪಿಯರಿನದು ತರಲಾ?

ಬಿಎನ್‌ಸಿ_ಹುಬ್ಬಳ್ಳಿ:

ಬೇಡ. ನಿಮ್ಮ ನಾಲ್ಕು ಕ್ಯಾಮೆರಾ ಸೇರಿ ರಾತ್ರಿ ಎಳೆಯುವುದು ಒಂದೂವರೆ ಆಂಪಿಯರ್ ಆಸುಪಾಸು. 5ರ ಎಸ್‌ಎಂಪಿಎಸ್ ಧಾರಾಳ ಆಯಿತು. ಅದರ ಬಾಯಲ್ಲಿ 12 ಇದೆ ಅಂತ ನೀವೇ ಅಳೆದಿದ್ದೀರಿ. ದಾರಿಯಲ್ಲಿ ಸೋರುತ್ತಿದೆ ಅಷ್ಟೇ.

ಲೆಕ್ಕ ನೋಡ್ರಿ. ಅಗ್ಗದ ತ್ರೀ ಪ್ಲಸ್ ಒನ್ ಕೇಬಲ್‌ನಲ್ಲಿ ಕರೆಂಟಿನ ಎಳೆ ಕೂದಲಿನಂತೆ ಇರುತ್ತದೆ. 0.2 ಚದರ ಮಿಲಿಮೀಟರ್ ತಾಮ್ರ ಅಂತ ಹಿಡಿಯೋಣ. ಹೋಗಲು 40 ಮೀಟರ್, ಬರಲು 40 ಮೀಟರ್, ಒಟ್ಟು 80. ರೆಸಿಸ್ಟೆನ್ಸ್ ಸುಮಾರು 7 ಓಮ್ ಆಗುತ್ತದೆ. ಹಗಲು 0.15 ಆಂಪಿಯರ್ ಎಳೆದರೆ 1 ವೋಲ್ಟ್ ಸೋರಿಕೆ, ತುದಿಗೆ 11. ರಾತ್ರಿ 0.35 ಎಳೆದರೆ ಎರಡೂವರೆ ವೋಲ್ಟ್ ಹೋಯಿತು, ತುದಿಗೆ ಒಂಬತ್ತೂವರೆ. ನಿಮ್ಮ ಮೀಟರ್ ಹೇಳಿದ್ದೂ ಅದನ್ನೇ. ಎಳೆ ತಾಮ್ರದ್ದಲ್ಲದೆ ಅಲ್ಯೂಮಿನಿಯಂದು ಆಗಿದ್ದರೆ ಸೋರಿಕೆ ಇನ್ನೂ ಹೆಚ್ಚು.

ಹಾಗಾದರೆ ಏನು ಮಾಡುವುದು? ಎಸ್‌ಎಂಪಿಎಸ್‌ನಲ್ಲಿ ವೋಲ್ಟೇಜ್ ಏರಿಸುವ ಸಣ್ಣ ತಿರುಪು ಇರುತ್ತದೆ, ಕೆಲವರು ಅದನ್ನು ತಿರುಗಿಸಿ ಕೈ ತೊಳೆದುಕೊಳ್ಳುತ್ತಾರೆ. ನನಗೆ ಅದು ಸೇರುವುದಿಲ್ಲ. ಹಿತ್ತಲಿಗೆ ಸಾಕಾಗುವಷ್ಟು ಏರಿಸಿದರೆ ಹತ್ತಿರದ ಕಟ್ಟೆಯ ಕ್ಯಾಮೆರಾಕ್ಕೆ ಜಾಸ್ತಿ ಆಗುತ್ತದೆ. ಕೊಟ್ಟಿಗೆಯಲ್ಲಿ ಪ್ಲಗ್ ಇದ್ದರೆ ಅಲ್ಲೇ ಬೇರೆ ಅಡಾಪ್ಟರ್ ಇಡಬಹುದು. ಆದರೆ ಕೊಟ್ಟಿಗೆಗೆ ಇನ್ವರ್ಟರ್ ಲೈನ್ ಇರುವುದಿಲ್ಲ ಅಲ್ವಾ? ಕರೆಂಟ್ ಹೋದ ರಾತ್ರಿಯೇ ಕ್ಯಾಮೆರಾ ಬೇಕಾಗಿರುತ್ತದೆ.

ನನ್ನ ಮಾತು ಕೇಳಿದರೆ ಚಿತ್ರ ಬರುವ ಕೇಬಲ್ ಇದ್ದ ಹಾಗೇ ಇರಲಿ. ಕರೆಂಟಿಗೆ ಮಾತ್ರ 1 ಚದರ ಮಿಲಿಮೀಟರಿನ ಎರಡೆಳೆ ತಾಮ್ರದ ವೈರ್ ಹೊಸದಾಗಿ ಎಳೆಯಿರಿ. ಅದೇ 80 ಮೀಟರಿಗೆ ರೆಸಿಸ್ಟೆನ್ಸ್ ಒಂದೂವರೆ ಓಮ್ ಒಳಗೆ, ಸೋರಿಕೆ ಅರ್ಧ ವೋಲ್ಟ್. ಮನೆಗೆ ವೈರಿಂಗ್ ಮಾಡುವ ಸಾಮಾನಿನ ಅಂಗಡಿಯಲ್ಲೇ ಸಿಗುತ್ತದೆ. ಪೈಪ್ ಒಳಗೆ ಹಾಕಿಸಿ. ಧಾರವಾಡದ ಮಂಗಗಳಿಗೆ ಹೆಂಚಿನ ಮೇಲೆ ನೇತಾಡುವ ವೈರ್ ಕಂಡರೆ ಅದೇನು ಖುಷಿಯೋ, ಎಳೆದು ಎಳೆದು ನೋಡುತ್ತವೆ.

ಅವಸರ ಇದ್ದರೆ ಇವತ್ತೇ ಮಾಡಬಹುದಾದ ಒಂದು ಉಪಾಯ ಇದೆ. ತ್ರೀ ಪ್ಲಸ್ ಒನ್‌ನಲ್ಲಿ ಕರೆಂಟಿಗೆ ಎರಡು ಎಳೆ, ಮೂರನೆಯದು ಮೈಕಿಗೆ. ಮೈಕ್ ಇಲ್ಲದಿದ್ದರೆ ಆ ಮೂರನೆಯದನ್ನು ಎರಡೂ ತುದಿಯಲ್ಲಿ ಮೈನಸ್ ಜೊತೆ ಸೇರಿಸಿ. ಸೋರಿಕೆಯಲ್ಲಿ ಕಾಲು ಭಾಗ ಕಡಿಮೆ ಆಗುತ್ತದೆ. ವೈರ್ ಎಳೆಯುವ ತನಕ ದಿನ ದೂಡಬಹುದು.

ನೆಟ್‌ವರ್ಕ್_ಹುಚ್ಚ:

ಒಪ್ಪಿದೆ ಕಾಕಾ. ಆದರೂ ಮುಂದೆ ಮಹಡಿ ಗಿಹಡಿ ಕಟ್ಟಿಸಿದರೆ ಹೊಸ ಭಾಗಕ್ಕೆ ಲ್ಯಾನ್ ಕೇಬಲ್ಲೇ ಹಾಕಿಸಿ. ಈಗಿನ ಬಹಳಷ್ಟು ಡಿವಿಆರ್‌ಗಳು ಒಂದೆರಡು ಐಪಿ ಕ್ಯಾಮೆರಾ ಸೇರಿಸಿಕೊಳ್ಳುತ್ತವೆ. ಬೇರೆ ಕಂಪನಿಯದು ಕೊಂಡರೆ ಎರಡರ ಮೇಲೂ ಆನ್‌ವಿಫ್ ಅಂತ ಇದೆಯಾ ನೋಡಿಕೊಳ್ಳಿ. ಇದ್ದರೆ ಒಂದರ ಮಾತು ಇನ್ನೊಂದಕ್ಕೆ ತಿಳಿಯುತ್ತದೆ.

ಈಗ ಬಸ್ಸಿನ ಸಮಸ್ಯೆ. ಮನೆ ವೈಫೈನಲ್ಲಿ ಬರುತ್ತದೆ, ಹೊರಗೆ ಬರುವುದಿಲ್ಲ ಅಂದರೆ ಡಿವಿಆರ್‌ಗೆ ಮನೆಯಿಂದ ಹೊರಗೆ ಹೋಗುವ ದಾರಿ ಗೊತ್ತಿಲ್ಲ ಅಂತ ಅರ್ಥ. ನೆಟ್‌ವರ್ಕ್ ಸೆಟ್ಟಿಂಗ್ ತೆಗೆದು 'ಗೇಟ್‌ವೇ' ಮತ್ತು 'ಡಿಎನ್ಎಸ್' ಎದುರು ಏನಿದೆ ನೋಡಿ. ಗೇಟ್‌ವೇ ಅಂದರೆ ರೂಟರಿನ ವಿಳಾಸವೇ ಆಗಿರಬೇಕು. ಡಿಎನ್ಎಸ್ ಅಂದರೆ ತಾಣದ ಹೆಸರಿನಿಂದ ವಿಳಾಸ ಹುಡುಕಿಕೊಡುವ ಸರ್ವರ್. ರೂಟರ್ ಏನಾದರೂ ಬದಲಿಸಿದ್ದಿರಾ?

ಮಾಳಮಡ್ಡಿ_ಮನೆ:

ಹೌದು, ಫೈಬರ್ ಹಾಕಿಸಿದಾಗ ಹೊಸ ರೂಟರ್ ಬಂತು. ಡಿವಿಆರ್‌ನಲ್ಲಿ ಗೇಟ್‌ವೇ 192.168.1.254 ಅಂತಿದೆ. ಹೊಸ ರೂಟರ್ ತೆರೆಯುವುದು 192.168.1.1 ಹೊಡೆದರೆ. ಪರಿಚಯದವರೊಬ್ಬರು ಪೋರ್ಟ್ ಫಾರ್ವರ್ಡ್ (ಹೊರಗಿನವರು ಡಿವಿಆರ್ ತನಕ ಬರಲು ರೂಟರಿನಲ್ಲಿ ದಾರಿ ತೆರೆಯುವುದು) ಮಾಡಬೇಕು ಎಂದಿದ್ದರು. ಅದೂ ಬೇಕಾ?

ನೆಟ್‌ವರ್ಕ್_ಹುಚ್ಚ:

ಅಲ್ಲೇ ಸಿಕ್ಕಿತು ನೋಡಿ. ಡಿವಿಆರ್ ಇನ್ನೂ ಹಳೇ ರೂಟರಿನ ಬಾಗಿಲು ಬಡಿಯುತ್ತಾ ಕೂತಿದೆ. ಮನೆಯೊಳಗಿನ ಮೊಬೈಲಿಗೆ ಗೇಟ್‌ವೇ ಬೇಕಿಲ್ಲ, ಅದಕ್ಕೇ ಅಲ್ಲಿ ಕೆಲಸ ಮಾಡುತ್ತದೆ. ಗೇಟ್‌ವೇ 192.168.1.1 ಮಾಡಿ, ಡಿಎನ್ಎಸ್ 8.8.8.8 ಕೊಡಿ. ಆಪ್‌ನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸೇರಿಸುವ ಪಿ2ಪಿ ವಿಧಾನ ಸಾಕು.

ಪೋರ್ಟ್ ಫಾರ್ವರ್ಡ್ ಬೇಡವೇ ಬೇಡ. ಮೊದಲನೆಯದು, ಅದು ಬಹುಶಃ ನಡೆಯುವುದೂ ಇಲ್ಲ. ರೂಟರಿನಲ್ಲಿ 'ವ್ಯಾನ್ ಐಪಿ', ಅಂದರೆ ಹೊರಗಿನ ಕಡೆಯ ವಿಳಾಸ ನೋಡಿ. 100.64 ರಿಂದ 100.127 ರ ಒಳಗಿನ ಅಂಕೆಯಿಂದ ಶುರುವಾದರೆ ನಿಮಗೆ ಸ್ವಂತ ವಿಳಾಸ ಇಲ್ಲ, ಒಂದೇ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚಿದ್ದಾರೆ ಅಂತ. ಆ ಸಾಲಿನ ಸಂಖ್ಯೆಗಳನ್ನು 2012ರಲ್ಲಿ ಇದಕ್ಕೆಂದೇ ತೆಗೆದಿಟ್ಟರು. ಹೊರಗಿನಿಂದ ಬಂದವರಿಗೆ ನಿಮ್ಮ ಮನೆ ಸಿಗುವುದೇ ಇಲ್ಲ. ಪಿ2ಪಿಯಲ್ಲಿ ಡಿವಿಆರ್ ತಾನೇ ಹೊರಗೆ ಹೋಗಿ ಸರ್ವರ್ ಜೊತೆ ಮಾತಾಡುತ್ತದೆ, ಹಾಗಾಗಿ ಈ ಅಡ್ಡಿ ತಟ್ಟುವುದಿಲ್ಲ.

ಎರಡನೆಯದು, ನಡೆದರೂ ಅಪಾಯ. 2016ರಲ್ಲಿ ಮಿರಾಯ್ ಅಂತ ಒಂದು ವೈರಸ್ ಬಂತು. ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ಹುಡುಕಿ ಹುಡುಕಿ ಹಿಡಿಯಿತು. ಆ ಅಕ್ಟೋಬರ್‌ನಲ್ಲಿ ಅವನ್ನೆಲ್ಲ ಸೇರಿಸಿ ಡಿಎನ್ಎಸ್ ಸೇವೆ ಕೊಡುತ್ತಿದ್ದ ಅಮೆರಿಕದ ಡೈನ್ ಕಂಪನಿಯ ಮೇಲೆ ದಾಳಿ ಮಾಡಿದಾಗ ಟ್ವಿಟರ್‌ನಂಥ ದೊಡ್ಡ ತಾಣಗಳೇ ಹಲವರಿಗೆ ತೆರೆಯಲಿಲ್ಲ. ನಿಮ್ಮ ಡಿವಿಆರ್ ಪಾಸ್‌ವರ್ಡ್ ಇನ್ನೂ ಅಡ್ಮಿನ್ ಅಂತಲೋ 12345 ಅಂತಲೋ ಇದ್ದರೆ ಇದನ್ನು ಓದಿ ಮುಗಿಸುವ ಮೊದಲೇ ಬದಲಿಸಿ. ಹಾಕಿಕೊಟ್ಟವರಿಗೂ ಆ ಪಾಸ್‌ವರ್ಡ್ ಗೊತ್ತಿರುತ್ತದೆ ಅನ್ನುವುದು ನೆನಪಿರಲಿ.

ಹೊಸದು ಕೊಳ್ಳುವವರು ಇದನ್ನೂ ನೋಡಿ. ನಮ್ಮ ದೇಶದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳಿಗೆ 2025ರ ಏಪ್ರಿಲ್ 9ರಿಂದ ಸುರಕ್ಷತೆಯ ಪರೀಕ್ಷೆ ಕಡ್ಡಾಯ. ಅಂಗಡಿಯಲ್ಲಿ ಎಸ್‌ಟಿಕ್ಯೂಸಿ (ಸರ್ಕಾರಿ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ) ಆಗಿದೆಯಾ ಅಂತ ಮಾಡೆಲ್ ನಂಬರ್ ಹಿಡಿದು ಕೇಳಿ. ಹಳೇ ಸ್ಟಾಕು ಅಗ್ಗಕ್ಕೆ ಸಿಗುತ್ತದೆ ಅಂತ ಮರುಳಾಗಬೇಡಿ.

ಮಾಳಮಡ್ಡಿ_ಮನೆ:

ಗೇಟ್‌ವೇ ಬದಲಿಸಿದ ಮೇಲೆ ಬಸ್ಸಿನಲ್ಲೂ ಬಂತು! ನವನಗರ ದಾಟುವಾಗ ತೆಗೆದು ನೋಡಿದೆ, ಅಪ್ಪ ಕಟ್ಟೆ ಮೇಲೆ ಪೇಪರ್ ಓದುತ್ತಿದ್ದರು. ಪಾಸ್‌ವರ್ಡೂ ಬದಲಿಸಿದೆ.

ಹಿತ್ತಲಿಗೆ ಎಲೆಕ್ಟ್ರಿಷಿಯನ್ ಕರೆಸಿ 1 ಚದರ ಮಿಲಿಮೀಟರ್ ವೈರ್ ಎಳೆಸಿದೆ. ಈಗ ಎಲ್‌ಇಡಿ ಹೊತ್ತಿದಾಗಲೂ 11.5 ಇದೆ. ಟಿಕ್ ಅನ್ನುವುದು ಸಂಜೆ ಒಂದು ಸಲ, ಬೆಳಿಗ್ಗೆ ಒಂದು ಸಲ. ಕಾಕಾ, ನಿಮಗೆ ಒಂದು ಪಾವ್ ಲೈನ್ ಬಜಾರ್ ಫೇಡಾ ಬಾಕಿ.

ಇನ್ನು ಮುಖದ ವಿಷಯ. 5 ಮೆಗಾಪಿಕ್ಸೆಲ್ ಹಾಕಿದರೆ ಮುಖ ಬರುತ್ತದಾ?

ಬಿಎನ್‌ಸಿ_ಹುಬ್ಬಳ್ಳಿ:

ಫೇಡಾ ಮಾತು ಬರೆದಿಟ್ಟುಕೊಂಡಿದ್ದೇನೆ.

ಮೆಗಾಪಿಕ್ಸೆಲ್ ಆಮೇಲೆ. ಮೊದಲು ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ ಹೇಳಿ. ನೆತ್ತಿ ಕಂಡಿದೆ ಅಂದರೆ ಸೂರಿನ ತುದಿಗೆ ಏರಿಸಿ ಕೂರಿಸಿದ್ದಾರೆ. ಕಳ್ಳ ಕೈಗೆ ಎಟಕಿಸಿಕೊಳ್ಳಬಾರದು ಅಂತ ಹದಿನಾಲ್ಕು ಅಡಿಗೆ ಹಾಕುತ್ತಾರೆ, ಮುಖ ಬೇಕು ಅಂದಾಗ ಬೋಳು ತಲೆ ಸಿಗುತ್ತದೆ. ಎಂಟು, ಒಂಬತ್ತು ಅಡಿ ಸಾಕು.

ಇನ್ನು ದೂರ. ಐಇಸಿ 62676-4 ಅಂತ ಒಂದು ಮಾನದಂಡ ಇದೆ. ಅದರ 2014ರ ಆವೃತ್ತಿಯ ಪ್ರಕಾರ ಯಾರೋ ಒಬ್ಬರು ಇದ್ದಾರೆ ಅಂತ ತಿಳಿಯಲು ಚಿತ್ರದಲ್ಲಿ ಮೀಟರಿಗೆ 25 ಪಿಕ್ಸೆಲ್ ಸಾಕು. ಪರಿಚಯದವರನ್ನು ಗುರುತು ಹಿಡಿಯಲು 125 ಬೇಕು. ಗುರುತಿಲ್ಲದವರ ಮುಖ ಇಂಥದ್ದೇ ಅಂತ ಗಟ್ಟಿಯಾಗಿ ಹೇಳಲು 250. ನಿಮ್ಮದು 2 ಮೆಗಾಪಿಕ್ಸೆಲ್, ಅಂದರೆ ಅಡ್ಡಕ್ಕೆ 1920 ಪಿಕ್ಸೆಲ್. 250ರಿಂದ ಭಾಗಿಸಿದರೆ ಏಳೂ ಮುಕ್ಕಾಲು ಮೀಟರ್ ಅಗಲ. 2.8 ಎಂಎಂ ಲೆನ್ಸ್ ನೂರು ಡಿಗ್ರಿಗೂ ಮೇಲೆ ಹರಡಿ ನೋಡುವುದರಿಂದ ಮೂರೇ ಮೀಟರಿಗೆ ಅಷ್ಟು ಅಗಲ ಆಗಿಬಿಡುತ್ತದೆ. ಅದರಾಚೆ ಹೋದವನ ಮುಖ ಮಬ್ಬು. 3.6 ಎಂಎಂ ಆದರೆ ನಾಲ್ಕು ಮೀಟರ್ ಚಿಲ್ಲರೆ. 6 ಎಂಎಂ ಆದರೆ ಎಂಟು ಮೀಟರಿನ ಹತ್ತಿರ, ಆದರೆ ಪಕ್ಕದ್ದು ಏನೂ ಕಾಣುವುದಿಲ್ಲ. ಈ ಲೆಕ್ಕ ಹಗಲಿನ ಬೆಳಕಿಗೆ. ರಾತ್ರಿ ಇನ್ನೂ ಕಡಿಮೆ ಅಂದುಕೊಳ್ಳಿ.

5 ಮೆಗಾಪಿಕ್ಸೆಲ್ ಹಾಕಿದರೂ ನೆತ್ತಿಯೇ ಕಾಣುತ್ತದೆ, ಸ್ವಲ್ಪ ಸ್ಪಷ್ಟವಾಗಿ. ಇರುವ ಕ್ಯಾಮೆರಾವನ್ನೇ ಕೆಳಗಿಳಿಸಿ. ಹಿಂದಿನ ಬಾಗಿಲಿನಿಂದ ಮೂರು ಮೀಟರ್ ಒಳಗೆ ಎದುರಿಗೆ ಎಲ್ಲಾದರೂ ಜಾಗ ಇದೆಯಾ? ಬರುವವನು ಬಾಗಿಲು ದಾಟುವಾಗ ಒಂದು ಕ್ಷಣವಾದರೂ ಕ್ಯಾಮೆರಾಕ್ಕೆ ಎದುರಾಗಬೇಕು. ಹಿತ್ತಲೆಲ್ಲ ಒಂದೇ ಕಣ್ಣಿಗೆ ಬೀಳಬೇಕು ಅನ್ನುವ ಆಸೆ ಬಿಡಿ. ಪಕ್ಕದ ಮನೆಯವರ ಅಂಗಳ ಚೌಕಟ್ಟಿನಲ್ಲಿ ಬಂದರೆ ಸೆಟ್ಟಿಂಗ್‌ನಲ್ಲಿ ಅಷ್ಟು ಭಾಗಕ್ಕೆ ಕಪ್ಪು ಮುಸುಕು ಹಾಕಿ.

ಮಾಳಮಡ್ಡಿ_ಮನೆ:

ಬಾಗಿಲಿನ ಎದುರಿಗೆ ದ್ರಾಕ್ಷಿ ಬಳ್ಳಿಗೆ ಹಾಕಿದ್ದ ಹಳೇ ಕಬ್ಬಿಣದ ಕಂಬ ಇತ್ತು. ಅದಕ್ಕೇ ಎಂಟು ಅಡಿ ಎತ್ತರದಲ್ಲಿ ಕೂರಿಸಿದೆ. ಮುಖ ಈಗ ಚೆನ್ನಾಗಿ ಬರುತ್ತದೆ, ಅವ್ವನ ಮೂಗುಬಟ್ಟಿನ ಹರಳು ತನಕ.

ಆದರೆ ಹೊಸ ಕಿರಿಕಿರಿ. ಚಿತ್ರದಲ್ಲಿ ದಪ್ಪ ಅಡ್ಡ ಪಟ್ಟಿಗಳು ನಿಧಾನಕ್ಕೆ ಕೆಳಗಿನಿಂದ ಮೇಲಕ್ಕೆ ಉರುಳುತ್ತವೆ. ಗೋಡೆ ಮೇಲೆ ಇದ್ದಾಗ ಇರಲಿಲ್ಲ. ವೋಲ್ಟೇಜ್ ಮತ್ತೆ ಅಳೆದೆ, 11.5 ಇದೆ.

ಬೆಟಗೇರಿ_ಗಾಳಿ:

ಬಿಎನ್‌ಸಿ ಲೂಸ್ ಇರಬಹುದು. ಬದಲಿಸಿ ನೋಡಿ.

ಬಿಎನ್‌ಸಿ_ಹುಬ್ಬಳ್ಳಿ:

ಲೂಸ್ ಇದ್ದರೆ ಚಿತ್ರ ಹೋಗಿ ಬರುತ್ತದೆ, ಚುಕ್ಕಿ ಬೀಳುತ್ತವೆ. ನಿಧಾನಕ್ಕೆ ಉರುಳುವ ಪಟ್ಟಿ ಅಂದರೆ ಎರಡು ಕಡೆ ಅರ್ಥಿಂಗ್ ಆಗಿದೆ.

ಡಿವಿಆರ್ ಕಡೆ ಎಸ್‌ಎಂಪಿಎಸ್ ಮೂಲಕ ಮನೆಯ ಅರ್ಥಿಂಗ್ ಇದೆ. ಕ್ಯಾಮೆರಾದ ಲೋಹದ ಮೈ ಒಳಗಿನಿಂದ ಕೇಬಲ್ ಜಾಲರಿಗೆ ಕೂಡಿರುತ್ತದೆ. ಅದನ್ನು ನೀವು ನೆಲದಲ್ಲಿ ಹೂತ ಕಬ್ಬಿಣದ ಕಂಬಕ್ಕೆ ಬಿಗಿದಿರಿ, ಅದು ಎರಡನೇ ಅರ್ಥಿಂಗ್ ಆಯಿತು. ಎರಡು ನೆಲಗಳ ನಡುವೆ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಆ ವ್ಯತ್ಯಾಸದ ಕರೆಂಟ್ ಕೇಬಲ್ ಜಾಲರಿಯಲ್ಲಿ ಹರಿದು ಚಿತ್ರಕ್ಕೆ ಸೇರಿಕೊಳ್ಳುತ್ತದೆ.

ಖಚಿತ ಮಾಡಿಕೊಳ್ಳುವುದು ಸುಲಭ. ಸ್ಕ್ರೂ ಬಿಚ್ಚಿ ಕ್ಯಾಮೆರಾವನ್ನು ಒಣ ಬಟ್ಟೆಯಲ್ಲಿ ಹಿಡಿದು ಕಂಬದಿಂದ ಒಂದು ಗೇಣು ದೂರ ಹಿಡಿಯಿರಿ. ಇನ್ನೊಬ್ಬರು ಟಿವಿ ನೋಡಲಿ. ಪಟ್ಟಿ ಮಾಯವಾದರೆ ಇದೇ. ಕಂಬಕ್ಕೆ ಪಿವಿಸಿ ಬಾಕ್ಸ್ ಕ್ಲ್ಯಾಂಪ್ ಹಾಕಿ ಬಿಗಿಯಿರಿ, ಅದರ ಮುಚ್ಚಳಕ್ಕೆ ಕ್ಯಾಮೆರಾ. ಮುಚ್ಚಳದ ಸ್ಕ್ರೂ ಉದ್ದ ಆಗಿ ಬಾಕ್ಸ್ ದಾಟಿ ಕಂಬಕ್ಕೆ ಮುಟ್ಟಬಾರದು, ಮುಟ್ಟಿದರೆ ಮಾಡಿದ ಕೆಲಸವೆಲ್ಲ ದಂಡ. ಮನೆಯ ಅರ್ಥಿಂಗ್ ಕಿತ್ತು ಹಾಕಿದರೂ ಪಟ್ಟಿ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಜೀವಕ್ಕೆ ಅಪಾಯ.

ಮಾಳಮಡ್ಡಿ_ಮನೆ:

ಅಪ್ಪ ಪಡಸಾಲೆಯಲ್ಲಿ ಟಿವಿ ಮುಂದೆ ಕೂತು 'ಹೋತು... ಬಂತು... ಹೋತು' ಅಂತ ಕೂಗಿ ಹೇಳಿದರು. ಕಂಬಕ್ಕೆ ತಾಗಿಸಿದರೆ ಪಟ್ಟಿ, ತೆಗೆದರೆ ಇಲ್ಲ. ಬಾಕ್ಸ್ ಹಾಕಿಸಿದೆ, ಚಿತ್ರ ಈಗ ಸ್ವಚ್ಛ ಇದೆ.

ಕೊನೆಯದೊಂದು. 1 ಟಿಬಿ ಇದ್ದರೂ ರೆಕಾರ್ಡಿಂಗ್ ಐದಾರು ದಿನದ್ದೇ ಸಿಗುತ್ತದೆ. ಡಿಸ್ಕ್ ಹಾಳಾಗಿದೆಯಾ?

ನೆಟ್‌ವರ್ಕ್_ಹುಚ್ಚ:

ಹಾಳಾಗಿಲ್ಲ, ವಿಡಿಯೋ ಕುಗ್ಗಿಸುವ ಹಳೇ ವಿಧಾನವಾದ ಎಚ್.264ನಲ್ಲಿ 4 ಎಂಬಿಪಿಎಸ್ (ಸೆಕೆಂಡಿಗೆ 4 ಮೆಗಾಬಿಟ್) ಇಟ್ಟಿರುತ್ತಾರೆ. ಇನ್ನೂ ಹೆಚ್ಚು ಕುಗ್ಗಿಸುವ ಎಚ್.265 ಮಾಡಿ 2 ಎಂಬಿಪಿಎಸ್‌ಗೆ ಇಳಿಸಿ. ಆಗ ಒಂದು ಕ್ಯಾಮೆರಾಕ್ಕೆ ದಿನಕ್ಕೆ ಇಪ್ಪತ್ತೊಂದೂವರೆ ಜಿಬಿ, ನಾಲ್ಕಕ್ಕೆ 86 ಜಿಬಿ. 1 ಟಿಬಿಯಲ್ಲಿ ಹನ್ನೊಂದು ದಿನ ಬರುತ್ತದೆ. ತಿಂಗಳು ಬೇಕಾದರೆ 3 ಟಿಬಿ ಹಾಕಬೇಕು. ಡಿಸ್ಕ್ ಕೊಳ್ಳುವಾಗ ಸಿಸಿಟಿವಿಗೆಂದೇ ಮಾಡಿದ್ದನ್ನು ಕೊಳ್ಳಿ, ಕಂಪ್ಯೂಟರಿನ ಸಾದಾ ಡಿಸ್ಕ್ ಹಗಲೂ ರಾತ್ರಿ ಬರೆಯುತ್ತಾ ಕೂರಲು ಮಾಡಿದ್ದಲ್ಲ.

ಬೆಟಗೇರಿ_ಗಾಳಿ:

ನನ್ನದೂ ಒಂದು ಸೇರಿಸಿಬಿಡುತ್ತೇನೆ. ರಾತ್ರಿ ಚಿತ್ರ ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ, ಮೊಬೈಲಿಗೆ ಸುಮ್ನೆ ಅಲರ್ಟ್ ಬರುತ್ತಲೇ ಇರುತ್ತದೆ. ಎದುರಿಗೆ ಬೇವಿನ ಮರ ಇದೆ. ಗದಗಿನ ಗಾಳಿ ಗೊತ್ತಲ್ಲ, ಸುಮ್ನೆ ಅಷ್ಟೊಂದು ಗಾಳಿಯಂತ್ರ ನಿಲ್ಲಿಸಿಲ್ಲ.

ಬಿಎನ್‌ಸಿ_ಹುಬ್ಬಳ್ಳಿ:

ಬೆಳ್ಳಗಾಗುವುದು ಜೇಡರ ಬಲೆ. ಕ್ಯಾಮೆರಾ ಬೆಚ್ಚಗಿರುತ್ತದೆ, ಹುಳ ಬರುತ್ತವೆ, ಹಿಂದೆಯೇ ಜೇಡ ಬರುತ್ತದೆ. ಹಗಲು ಕಣ್ಣಿಗೆ ಕಾಣದ ಒಂದು ಎಳೆಯೂ ಐಆರ್ ಬೆಳಕಿಗೆ ಟ್ಯೂಬ್‌ಲೈಟ್‌ನಂತೆ ಹೊಳೆಯುತ್ತದೆ. ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ, ಒರಟು ಬಟ್ಟೆಯಿಂದ ಗಾಜು ಉಜ್ಜಬೇಡಿ. ಸೂರಿನ ಅಂಚೋ ಬಿಳಿ ಗೋಡೆಯೋ ಕ್ಯಾಮೆರಾ ಮುಂದೆ ತೀರಾ ಹತ್ತಿರ ಇದ್ದರೂ ಹೀಗೇ ಆಗುತ್ತದೆ, ಕೋನ ಸ್ವಲ್ಪ ತಿರುಗಿಸಿ. ಮರಕ್ಕೆ, ಅಲುಗಾಟ ಗಮನಿಸುವ ಮೋಷನ್ ಜಾಗದಿಂದ ಟೊಂಗೆ ಇರುವ ಚೌಕಗಳನ್ನು ಅಳಿಸಿ. ಮನುಷ್ಯರನ್ನು ಮಾತ್ರ ಗುರುತಿಸುವ ಆಯ್ಕೆ ನಿಮ್ಮ ಡಿವಿಆರ್‌ನಲ್ಲಿ ಇದ್ದರೆ ಅದನ್ನೇ ಚಾಲೂ ಮಾಡಿ.

ಡಬ್ಬಿ_ಕಡ್ಡಿ_ಬ್ಯಾಡಗಿ:

ನಮಸ್ಕಾರ, ಹಾವೇರಿ ಕಡೆಯಿಂದ. ಹೊಲದ ಕಣದಲ್ಲಿ ಮೆಣಸಿನಕಾಯಿ ಒಣಹಾಕಿರುತ್ತೇವೆ. ಅಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಸಿಮ್ ಹಾಕುವ ಸೋಲಾರ್ ಕ್ಯಾಮೆರಾ ನೋಡಿದ್ದೇನೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಸಾಲುತ್ತದಾ?

ನೆಟ್‌ವರ್ಕ್_ಹುಚ್ಚ:

ನೀವು ಹೇಗೆ ಬಳಸುತ್ತೀರಿ ಅನ್ನುವುದರ ಮೇಲೆ. ಲೈವ್ ತೆಗೆದು 1 ಎಂಬಿಪಿಎಸ್‌ನಲ್ಲಿ ನೋಡುತ್ತಾ ಕೂತರೆ ಒಂದೂವರೆ ಜಿಬಿ ಮೂರು ತಾಸು ಇಪ್ಪತ್ತು ನಿಮಿಷಕ್ಕೆ ಖಾಲಿ. ಹಾಗಾಗಿ ಇಂಥ ಕ್ಯಾಮೆರಾ ಯಾರಾದರೂ ಬಂದಾಗ ಮಾತ್ರ ಎದ್ದು ಮೆಮೊರಿ ಕಾರ್ಡಿಗೆ ಬರೆದು ನಿಮಗೆ ಸಣ್ಣ ಅಲರ್ಟ್ ಕಳಿಸುತ್ತದೆ. ಅಷ್ಟಕ್ಕೆ ಪ್ಯಾಕ್ ಸಾಕು. ಕೊಳ್ಳುವ ಮೊದಲು ಕಣದಲ್ಲೇ ನಿಂತು ಯಾವ ಸಿಮ್‌ಗೆ 4ಜಿ ಚೆನ್ನಾಗಿ ಸಿಗುತ್ತದೆ ನೋಡಿಕೊಳ್ಳಿ.

ಬಂದವರನ್ನು ಅದು ಕಂಡುಹಿಡಿಯುವುದು ಮೈಯ ಬಿಸಿಯಿಂದ. ಕಣದ ಒಂದು ಮಗ್ಗುಲಿಂದ ಇನ್ನೊಂದಕ್ಕೆ ಅಡ್ಡ ಹೋದವರನ್ನು ಬೇಗ ಹಿಡಿಯುತ್ತದೆ, ನೇರ ಎದುರಿಗೆ ನಡೆದು ಬಂದವರನ್ನು ತಡವಾಗಿ. ಕಂಬ ನೆಡುವಾಗ ದಾರಿಗೆ ಅಡ್ಡಲಾಗಿ ತಿರುಗಿಸಿ. ಬೇಸಿಗೆ ಮಧ್ಯಾಹ್ನ ಗಾಳಿಯೇ ಮೈಯಷ್ಟು ಬಿಸಿ ಆದಾಗ ಸ್ವಲ್ಪ ಮಂಕಾಗುತ್ತದೆ. ಪ್ಯಾನಲ್ ದಕ್ಷಿಣಕ್ಕೆ ಮುಖ ಮಾಡಿ ಇಡಿ, ಮೇಲಿನ ಧೂಳು ಆಗಾಗ ಒರೆಸಿ.

ಮಾಳಮಡ್ಡಿ_ಮನೆ:

ಹಂಡೆಯ ಹಳೇ ರೆಕಾರ್ಡಿಂಗ್ ಠಾಣೆಗೆ ಕೊಡಬೇಕು ಅಂತಿದ್ದೇನೆ. ಟಿವಿಯಲ್ಲಿ ಹಚ್ಚಿ ಮೊಬೈಲಿನಲ್ಲಿ ತೆಗೆದುಕೊಟ್ಟರೆ ನಡೆಯುತ್ತದಾ?

ಬಿಎನ್‌ಸಿ_ಹುಬ್ಬಳ್ಳಿ:

ಅದನ್ನು ವಾಟ್ಸಾಪಿನಲ್ಲಿ ಹಂಚಲು ಬಳಸಿ, ಠಾಣೆಗೆ ಬೇಡ. ಡಿವಿಆರ್‌ಗೆ ಪೆನ್ ಡ್ರೈವ್ ಹಾಕಿ 'ಬ್ಯಾಕಪ್' ಅಂತ ಒತ್ತಿ, ಕಳ್ಳ ಬರುವ ಹತ್ತು ನಿಮಿಷ ಮೊದಲಿನಿಂದ ಹೋದ ಹತ್ತು ನಿಮಿಷದ ತನಕ ಮೂಲ ಫೈಲನ್ನೇ ತೆಗೆಯಿರಿ. ಇವತ್ತೇ ತೆಗೆಯಿರಿ, ಡಿಸ್ಕ್ ತುಂಬಿದರೆ ಹಳೇದರ ಮೇಲೆ ಹೊಸದು ಬರೆಯುತ್ತದೆ. ಎರಡು ಪ್ರತಿ ಮಾಡಿ, ಒಂದು ನಿಮ್ಮ ಹತ್ತಿರ ಇರಲಿ.

2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಅದರ 63ನೇ ಕಲಮಿನ ಪ್ರಕಾರ ಇಂಥ ಫೈಲಿನ ಜೊತೆ ಒಂದು ಪ್ರಮಾಣಪತ್ರ ಬೇಕು. ಯಾವ ಯಂತ್ರದಿಂದ ಹೇಗೆ ತೆಗೆದದ್ದು ಅಂತ ಅದರಲ್ಲಿ ಬರೆಯಬೇಕಾಗುತ್ತದೆ. ಹಾಗಾಗಿ ಡಿವಿಆರ್ ಮಾಡೆಲ್, ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ, ಉಳಿದದ್ದನ್ನು ಠಾಣೆಯಲ್ಲಿ ಕೇಳಿ.

ಪರದೆ ಮೇಲಿನ ಸಮಯವನ್ನೂ ಮೊಬೈಲಿನ ಸಮಯದ ಜೊತೆ ಹೋಲಿಸಿ. ಇಪ್ಪತ್ತು ನಿಮಿಷ ಹಿಂದೆ ಇದ್ದರೆ ಹಿಂದೆ ಇದೆ ಅಂತಲೇ ಬರೆದುಕೊಡಿ, ಬ್ಯಾಕಪ್ ತೆಗೆಯುವ ಮೊದಲು ಗಡಿಯಾರ ತಿದ್ದಬೇಡಿ. ತೆಗೆದಾದ ಮೇಲೆ ಇಂಟರ್ನೆಟ್ಟಿನಿಂದ ಸಮಯ ಸರಿಮಾಡಿಕೊಳ್ಳುವ ಎನ್‌ಟಿಪಿ ಚಾಲೂ ಮಾಡಿ, ಟೈಮ್ ಝೋನ್ ಜಿಎಂಟಿ +5:30 ಇರಲಿ. ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹಳೇದಕ್ಕೆ ಹೋಗುತ್ತಿದ್ದರೆ ಒಳಗಿನ ಬಿಲ್ಲೆ ಸೆಲ್ ಹೋಗಿದೆ, ಸಾಮಾನ್ಯವಾಗಿ ಸಿಆರ್2032 ಇರುತ್ತದೆ, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಡಿವಿಆರ್ ಬಿಚ್ಚುವ ಮೊದಲು ಪ್ಲಗ್ ತೆಗೆಯಿರಿ.